ಕಂಪನಿ ಇಂಜಿನಿಯರ್ ಕೆಲಸ: ವೇಮಗಲ್ ಆಫರ್ ಒಪ್ಪಿಕೊಳ್ಳಲಾ, ಕೆಪಿಟಿಸಿಎಲ್ (ಸರ್ಕಾರಿ ವಿದ್ಯುತ್ ಕಂಪನಿ) ಪರೀಕ್ಷೆಗೆ ಓದುತ್ತಾ ಕೂರಲಾ?

ಬೆಣ್ಣೆದೋಸೆ_ಹುಡುಗ
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹತ್ತಿರದ ಹಳ್ಳಿಯವನು. ಇ ಅಂಡ್ ಇ (ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್) ಇಂಜಿನಿಯರಿಂಗ್ ಮುಗಿಸಿ ವರ್ಷವಾಯಿತು. ಕೋಲಾರ ಹತ್ತಿರದ ವೇಮಗಲ್ ಇಂಡಸ್ಟ್ರಿಯಲ್ ಏರಿಯಾದ ಒಂದು ಆಟೋ ಪಾರ್ಟ್ಸ್ ಕಂಪನಿಯಿಂದ ಜಿಇಟಿ (ಟ್ರೇನಿ ಇಂಜಿನಿಯರ್) ಅಂತ ಆಫರ್ ಬಂದಿದೆ. ಸಿಟಿಸಿ (ನನ್ನ ಮೇಲೆ ಕಂಪನಿಗೆ ವರ್ಷಕ್ಕೆ ಆಗುವ ಒಟ್ಟು ಖರ್ಚು) 4.2 ಲಕ್ಷ, ಎರಡು ವರ್ಷದ ಬಾಂಡ್, ಮಧ್ಯೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ಮೂರು ಶಿಫ್ಟ್.

ಅಪ್ಪ ಬೇಡ ಅಂತಿದ್ದಾರೆ. ನಮ್ಮ ದೊಡ್ಡಪ್ಪ ದಾವಣಗೆರೆಯಲ್ಲಿ ಕಾಟನ್ ಮಿಲ್ಲಿನಲ್ಲಿ ಇದ್ದವರು, ಮಿಲ್ಲಿಗೆ ಬೀಗ ಬಿದ್ದಿದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದಾರೆ. "ಕಂಪನಿ ಅಂದ್ರೆ ಇವತ್ತಿದ್ದು ನಾಳೆ ಇಲ್ಲ. ಮನೇಲಿ ಕೂತು ಓದು, ಕೆಪಿಟಿಸಿಎಲ್ ಕರೀತಾರೆ" ಅನ್ನೋದು ಅವರ ಮಾತು. ನನಗೆ ಇನ್ನೊಂದು ವರ್ಷ ಸುಮ್ಮನೆ ಕೂರೋಕೆ ಮನಸ್ಸಿಲ್ಲ. ಕಂಪನಿಯಲ್ಲಿ ಇಂಜಿನಿಯರ್ ಆಗಿ ಇರುವವರು, ಇದ್ದು ಬಿಟ್ಟವರು, ಒಳ್ಳೇದು ಕೆಟ್ಟದ್ದು ಎರಡೂ ಹೇಳಿ. ಸೋಮವಾರದೊಳಗೆ ಎಚ್‌ಆರ್‌ಗೆ ಉತ್ತರ ಕೊಡಬೇಕು.

ಕೋಡ್_ಕೋಳಿ
ಐಟಿಗೆ ಬಾ ಗುರು. ಎಸಿ, ಕಾಫಿ, ಶನಿವಾರ ಭಾನುವಾರ ರಜೆ. ಆ ಗ್ರೀಸ್, ಎಣ್ಣೆ ಎಲ್ಲ ಯಾರಿಗೆ ಬೇಕು.

ವರ್ನಿಯರ್_ಅಕ್ಕ
ಕೋಳಿ ಸಾಹೇಬ್ರೆ, ಸರ್ವಿಸ್ ಕಂಪನಿಗಳು ಫ್ರೆಷರ್‌ಗೆ ಕೊಡೋದು ಹತ್ತು ವರ್ಷದಿಂದಲೂ ಮೂರೂವರೆ ಲಕ್ಷದ ಸುತ್ತಲೇ ಇದೆ. 2025ರಲ್ಲಿ ಟಿಸಿಎಸ್ಸೇ ಸುಮಾರು 12,000 ಜನರನ್ನು ತೆಗೀತೀವಿ ಅಂತ ಹೇಳಿತು. ಹುಡುಗ ಇ ಅಂಡ್ ಇ ಓದಿದ್ದಾನೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡಿ.

ಪೀಣ್ಯ_ಹಳಬ
ಮಗೂ, ನಿಮ್ಮ ತಂದೆಯ ಭಯ ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ನಾನು ಎಂಬತ್ತರ ದಶಕದಲ್ಲಿ ಪೀಣ್ಯದ ಒಂದು ಟೂಲ್‌ರೂಮಿಗೆ ಸೇರಿದವನು. ಆಗ ನಮ್ಮ ಬ್ಯಾಚಿನಲ್ಲಿ ಬುದ್ಧಿವಂತರೆಲ್ಲ ಎಚ್‌ಎಂಟಿಗೆ ಹೋದರು. ಹೆಣ್ಣು ಕೊಡುವವರೂ ಎಚ್‌ಎಂಟಿ ಅಂದರೆ ಜಾತಕ ನೋಡುತ್ತಿರಲಿಲ್ಲ! 1953ರಲ್ಲಿ ಶುರುವಾದ ಕಾರ್ಖಾನೆ, ಕ್ವಾರ್ಟರ್ಸ್, ಸ್ಕೂಲು, ಆಸ್ಪತ್ರೆ ಎಲ್ಲ ಇತ್ತು. ಕೊನೆಗೆ ಏನಾಯಿತು? ವಿಆರ್‌ಎಸ್ (ಸ್ವಯಂ ನಿವೃತ್ತಿ) ಮೇಲೆ ವಿಆರ್‌ಎಸ್. 2016ರಲ್ಲಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವೇ ಒಪ್ಪಿಗೆ ಕೊಟ್ಟಿತು. ಸರ್ಕಾರದ್ದು ಅನ್ನುವ ಒಂದೇ ಕಾರಣಕ್ಕೆ ಭದ್ರ ಅಂತ ಹೇಳಲಾಗದು.

ಅಲ್ಲಿಂದ ಹೊರಬಂದವರಲ್ಲಿ ಬದುಕಿಕೊಂಡವರು ಯಾರು ಅಂದರೆ ಕೈಯಲ್ಲಿ ವಿದ್ಯೆ ಇದ್ದವರು. ಗ್ರೈಂಡಿಂಗ್, ಜಿಗ್ ಬೋರಿಂಗ್, ಡೈ ಡಿಸೈನ್ ಬಲ್ಲವರು ಪೀಣ್ಯದಲ್ಲಿ ಸ್ವಂತ ಶೆಡ್ ಹಾಕಿದರು. ಫೈಲು ನೋಡಿಕೊಂಡಿದ್ದವರು ಎಲ್‌ಐಸಿ ಏಜೆಂಟ್ ಆದರು.

ಕಂಪನಿಯ ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ: ಪಿಂಚಣಿ. ನಿನ್ನ ಹೆಸರಲ್ಲಿ ಕಂಪನಿ ಕಟ್ಟುವ ಪಿಎಫ್‌ನಲ್ಲಿ ಸಂಬಳದ ಶೇ. 8.33ರಷ್ಟು ಇಪಿಎಸ್ ಎಂಬ ಪಿಂಚಣಿ ಯೋಜನೆಗೆ ಹೋಗುತ್ತದೆ, ಆದರೆ 15,000 ರೂಪಾಯಿ ಸಂಬಳದ ಮಿತಿಗೆ. ಅಂದರೆ ತಿಂಗಳಿಗೆ 1,250 ಅಷ್ಟೇ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸು, ಅದು ಪಿಂಚಣಿ. 20 ವರ್ಷ ದಾಟಿದರೆ ಎರಡು ವರ್ಷ ಸೇರಿಸುತ್ತಾರೆ. ಮೂವತ್ತು ವರ್ಷ ದುಡಿದರೂ 6,857 ರೂಪಾಯಿ. ನಮ್ಮಂಥವರಿಗೆ ಇನ್ನೂ ಕಡಿಮೆ, 2014ರವರೆಗೆ ಆ ಮಿತಿ 6,500 ಇತ್ತು. ನನ್ನ ಪಿಂಚಣಿ ನಮ್ಮ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್‌ಗೂ ಸಾಲದು. ಪಿಎಫ್ ಗಂಟು ಮಾತ್ರ ಮಗಳ ಮದುವೆಗೆ, ಮನೆಗೆ ಆಯಿತು.

ಲೆಕ್ಕದ_ಪುಸ್ತಕ
ಯಾರೂ 4.2 ಲಕ್ಷವನ್ನು ಬಿಡಿಸಿ ಹೇಳಲಿಲ್ಲ. ನಾನು ಹೇಳ್ತೀನಿ.

ತಿಂಗಳಿಗೆ 35,000 ಅಂತ ಖುಷಿ ಪಡಬೇಡಿ. ಬೇಸಿಕ್ ಅರ್ಧ ಅಂದುಕೊಳ್ಳಿ, 17,500. ಕಂಪನಿಯ ಪಾಲಿನ ಪಿಎಫ್ 1,800 ಸಿಟಿಸಿ ಒಳಗೇ ಇರುತ್ತೆ. ಗ್ರಾಚ್ಯುಟಿ ಅಂತ ಬೇಸಿಕ್‌ನ ಶೇ. 4.81 ಅಂದರೆ 842, ಅದೂ ಒಳಗೆ. ಮೆಡಿಕಲ್ ಇನ್ಶೂರೆನ್ಸ್ ಒಂದು 500 ಹಿಡೀರಿ. ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ ಭಾಗ) ಅಂತ ವರ್ಷಕ್ಕೆ 30,000 ಇಟ್ಟಿದ್ದರೆ ತಿಂಗಳಿಗೆ 2,500 ಅಲ್ಲೇ ನಿಂತಿತು. ಉಳಿದದ್ದು 29,358. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 (ಫೆಬ್ರವರಿಯಲ್ಲಿ 300), ಕ್ಯಾಂಟೀನ್ ಮತ್ತು ಬಸ್ಸಿಗೆ ಒಂದು 700. ಕೈಗೆ ಬರೋದು 26,600 ಚಿಲ್ಲರೆ. ಇನ್‌ಕಮ್ ಟ್ಯಾಕ್ಸ್ ಬೀಳಲ್ಲ.

ಆಫರ್ ಲೆಟರ್ ಹಿಂದಿನ ಅನೆಕ್ಶರ್ ತೆಗೆದು ನೋಡಿ. ವೇರಿಯಬಲ್ ಎಷ್ಟು, ಶಿಫ್ಟ್ ಅಲೋಯನ್ಸ್ ಸಿಟಿಸಿ ಒಳಗೋ ಹೊರಗೋ ಅನ್ನೋದೇ ಮುಖ್ಯ. ಕೆಲವು ಕಡೆ ಕಂಪನಿ ಬಸ್ಸನ್ನೂ ಸಿಟಿಸಿಗೆ ಸೇರಿಸಿರ್ತಾರೆ, ನೀವು ಅದನ್ನು ಹತ್ತಿದರೂ ಹತ್ತದಿದ್ದರೂ.

ಬೆಣ್ಣೆದೋಸೆ_ಹುಡುಗ
ಈಗ ನೋಡಿದೆ. ವೇರಿಯಬಲ್ 36,000 ಇದೆ 😐 ಶಿಫ್ಟ್ ಅಲೋಯನ್ಸ್ ಎಲ್ಲೂ ಬರೆದಿಲ್ಲ.

ಮೂರನೇ_ಪಾಳಿ
ತಮ್ಮಾ, ಎಲ್ಲ ಹೇಳಿದೆ, ಡಿಪಾರ್ಟ್‌ಮೆಂಟ್ ಯಾವುದು ಅಂತ ಹೇಳಲೇ ಇಲ್ಲ. ಮೇಂಟೆನೆನ್ಸಾ, ಪ್ರೊಡಕ್ಷನ್ನಾ?

ನಾನು ಕೋಲಾರ ಕಡೆಯ ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೇಂಟೆನೆನ್ಸ್. ಕಷ್ಟ ಇದೆ, ಸುಳ್ಳು ಹೇಳಲ್ಲ. ಸಿ ಶಿಫ್ಟ್ (ರಾತ್ರಿ ಪಾಳಿ) ವಾರದಲ್ಲಿ ಹಗಲು ನಿದ್ದೆ ಹತ್ತಲ್ಲ, ಊಟ ರುಚಿಸಲ್ಲ, ಹಬ್ಬ ಯಾವತ್ತು ಬಂತು ಯಾವತ್ತು ಹೋಯ್ತು ಗೊತ್ತಾಗಲ್ಲ. ದಸರಾಕ್ಕೆ ಲೈನ್ ನಿಲ್ಲಿಸಿದರೆ ಉಳಿದವರಿಗೆಲ್ಲ ರಜೆ, ನಮಗೆ ಶಟ್‌ಡೌನ್ ಕೆಲಸ.

ಆದರೆ ಕಲಿತದ್ದು ಎಲ್ಲಿ? ಅಲ್ಲೇ. ಒಂದು ಉದಾಹರಣೆ. ರಾತ್ರಿ ಎರಡಕ್ಕೆ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್) ನಿಂತಿತು. ಟೂಲ್ ಚೇಂಜ್ ಅರ್ಧಕ್ಕೆ ನಿಲ್ಲುತ್ತೆ, ರೀಸೆಟ್ ಮಾಡಿದರೆ ಹತ್ತು ಪೀಸ್ ಓಡಿ ಮತ್ತೆ ನಿಲ್ಲುತ್ತೆ. ಪ್ರೊಡಕ್ಷನ್ ಸೂಪರ್‌ವೈಸರ್ ತಲೆ ಮೇಲೆ ನಿಂತಿದ್ದಾನೆ. ಡ್ರೈವ್ ಹೋಯ್ತು, ಕಾರ್ಡ್ ಹೋಯ್ತು ಅಂತ ಎಲ್ಲರದ್ದೂ ಒಂದೊಂದು ಜ್ಯೋತಿಷ್ಯ. ನಮ್ಮ ಸೀನಿಯರ್ ಟೆಕ್ನೀಷಿಯನ್, ಐಟಿಐ ಓದಿದವರು, ಲ್ಯಾಡರ್ ಸ್ಕ್ರೀನ್ (ಮಷೀನ್ ನಡೆಸುವ ಪಿಎಲ್‌ಸಿ ಕಂಟ್ರೋಲರ್‌ನ ಪ್ರೋಗ್ರಾಂ) ತೆಗೆಸಿ ಆರ್ಮ್ ತಿರುಗಿದಾಗ ಯಾವ ಇನ್‌ಪುಟ್ ಬಿಟ್ಟು ಬಿಟ್ಟು ಬರುತ್ತೆ ಅಂತ ನೋಡು ಅಂದರು. ಒಂದು ಪ್ರಾಕ್ಸಿಮಿಟಿ ಸ್ವಿಚ್ (ಭಾಗ ಹತ್ತಿರ ಬಂತಾ ಅಂತ ಹೇಳುವ ಸೆನ್ಸರ್). ಬಿಚ್ಚಿದರೆ ಕೇಬಲ್ ಕನೆಕ್ಟರ್ ಒಳಗೆ ಕೂಲೆಂಟ್ ಇಳಿದಿತ್ತು. ಒರೆಸಿ, ಗಾಳಿ ಹೊಡೆದು, ಸಿಲಿಕೋನ್ ಹಚ್ಚಿ ಮುಚ್ಚಿದೆವು. ಮಷೀನ್ ಓಡಿತು. ನಾಲ್ಕು ವರ್ಷ ಕಾಲೇಜಿನಲ್ಲಿ ಪಿಎಲ್‌ಸಿ ಅಂದರೆ ಪರೀಕ್ಷೆಗೆ ಬರುವ ಹತ್ತು ಮಾರ್ಕಿನ ಪ್ರಶ್ನೆ ಆಗಿತ್ತು.

ಇ ಅಂಡ್ ಇ ಹುಡುಗ ಮೇಂಟೆನೆನ್ಸ್‌ನಲ್ಲಿ ಎರಡು ವರ್ಷ ಇದ್ದರೆ ಡ್ರೈವ್, ಸರ್ವೋ, ಪಿಎಲ್‌ಸಿ, ರೋಬೋ ಎಲ್ಲ ಕೈಗೆ ಬರುತ್ತೆ. ಆಮೇಲೆ ಮಷೀನ್ ಬಿಲ್ಡರ್ ಕಡೆಗೋ, ಆಟೋಮೇಶನ್ ಕಡೆಗೋ ಹಾರಬಹುದು. ಅದೇ ಪ್ರೊಡಕ್ಷನ್‌ಗೆ ಹಾಕಿದರೆ ಬೆಳಿಗ್ಗೆ ಎದ್ದರೆ ಮ್ಯಾನ್‌ಪವರ್ ಎಷ್ಟು ಬಂತು, ಗಂಟೆಗೆ ಎಷ್ಟು ಪೀಸ್ ಬಿತ್ತು, ಎಕ್ಸೆಲ್ ತುಂಬು. ಇಂಜಿನಿಯರಿಂಗ್ ಸೊನ್ನೆ.

ಪೀಣ್ಯ_ಹಳಬ
ಪ್ರೊಡಕ್ಷನ್ ಬಗ್ಗೆ ಅಷ್ಟು ಹಗುರವಾಗಿ ಮಾತಾಡಬೇಡಪ್ಪ. ಮುಂದೆ ಪ್ಲಾಂಟ್ ಹೆಡ್ ಆಗುವವರು ಹೆಚ್ಚಿನವರು ಅಲ್ಲಿಂದಲೇ ಬರುತ್ತಾರೆ. ಜನರನ್ನು ಸಂಭಾಳಿಸುವುದೂ ಒಂದು ವಿದ್ಯೆಯೇ.

ಮೂರನೇ_ಪಾಳಿ
ಒಪ್ಪಿದೆ ಸಾರ್. ನೂರಕ್ಕೆ ಒಬ್ಬ ಪ್ಲಾಂಟ್ ಹೆಡ್. ಉಳಿದ 99 ಜನ ನಲವತ್ತರ ಹೊತ್ತಿಗೆ ಸೀನಿಯರ್ ಇಂಜಿನಿಯರ್ ಅಂತಲೇ ಇದ್ದಾರೆ, ಬೇರೆ ಕಂಪನಿಗೆ ಹೋದರೆ "ನಿಮಗೆ ಏನು ಬರುತ್ತೆ" ಅಂತ ಕೇಳ್ತಾರೆ.

ವರ್ನಿಯರ್_ಅಕ್ಕ
ಕ್ವಾಲಿಟಿ ಬಗ್ಗೆ ನಾನು ಹೇಳ್ತೀನಿ, ಹೊರಗಿನಿಂದ ನೋಡಿದವರಿಗೆ ಕ್ಲೀನ್ ಕೆಲಸ ಅನ್ನಿಸುತ್ತೆ.

ಗಿರಾಕಿ ಕಂಪನಿಯಿಂದ ಬೆಳಿಗ್ಗೆ ಫೋನ್: ನಿಮ್ಮ ಪಾರ್ಟ್‌ನಲ್ಲಿ ಬೋರ್ ಓವರ್‌ಸೈಜ್, ಲೈನ್ ನಿಲ್ಲುತ್ತೆ, ಜನ ಕಳಿಸಿ. ಇಬ್ಬರು ಕಾಂಟ್ರಾಕ್ಟ್ ಹುಡುಗರು, ಒಂದು ಏರ್ ಗೇಜ್, ಪೇಂಟ್ ಮಾರ್ಕರ್ ಕಟ್ಟಿಕೊಂಡು ಅವರ ಡಾಕಿಗೆ ಹೋಗಬೇಕು. ಬಿನ್ ಮೇಲೆ ಬಿನ್. ಒಂದೊಂದು ಪೀಸ್ ಅಳೆದು, ಸರಿ ಇದ್ದದ್ದಕ್ಕೆ ಹಳದಿ ಚುಕ್ಕೆ ಇಡೋದು. ಅವರ ಸ್ಟೋರ್ಸ್‌ನವನಿಂದ ಬೈಸಿಕೊಳ್ಳೋದು, ನಮ್ಮ ಮ್ಯಾನೇಜರ್‌ನಿಂದ ಫೋನಿನಲ್ಲಿ ಬೈಸಿಕೊಳ್ಳೋದು. ಮರುದಿನ 8ಡಿ ರಿಪೋರ್ಟ್ (ತಪ್ಪಿನ ಮೂಲ ಹುಡುಕಿ ಗಿರಾಕಿಗೆ ಕೊಡುವ ವರದಿ): ಐದು ಸಲ ಯಾಕೆ ಯಾಕೆ ಅಂತ ಕೇಳಿ ಕೊನೆಗೆ "ಆಪರೇಟರ್ ಅವೇರ್‌ನೆಸ್ ಟ್ರೇನಿಂಗ್ ಕೊಡಲಾಯಿತು" ಅಂತ ಮುಗಿಸೋದು. ಸವೆದ ಇನ್ಸರ್ಟನ್ನು (ಲೋಹ ಕತ್ತರಿಸುವ ತುದಿ) ಇನ್ನೊಂದು ಶಿಫ್ಟ್ ಓಡಿಸು ಅಂದವರು ಯಾರು ಅನ್ನೋದು ಆರನೇ ಯಾಕೆ. ಅದನ್ನು ಯಾರೂ ಬರೆಯಲ್ಲ.

ಇಷ್ಟಾದರೂ ನಾನು ಬಿಟ್ಟಿಲ್ಲ. ಯಾಕೆಂದರೆ ಸಿಎಂಎಂ, ಎಂಎಸ್‌ಎ, ಪಿಪಿಎಪಿ ಅಂತ ಅಳತೆ, ಕ್ವಾಲಿಟಿ ಕೆಲಸಗಳು ಗೊತ್ತಿದ್ದವರಿಗೆ ಪುಣೆ, ಹೊಸೂರು, ಚೆನ್ನೈ ಎಲ್ಲಿ ಹೋದರೂ ಕೆಲಸ ಇದೆ. ಮದುವೆಯಾಗಿ ಊರು ಬದಲಾದಾಗ ನನಗೆ ಅದೇ ಕೈಹಿಡಿದದ್ದು.

ಹೆಣ್ಣುಮಕ್ಕಳು ಈ ಚರ್ಚೆ ಓದ್ತಿದ್ದರೆ ಒಂದು ಮಾತು. 2023ರಲ್ಲಿ ಕರ್ನಾಟಕ ಫ್ಯಾಕ್ಟರಿ ಕಾಯ್ದೆ ತಿದ್ದುಪಡಿ ಆಗಿ ಮಹಿಳೆಯರೂ ರಾತ್ರಿ ಪಾಳಿ ಮಾಡಬಹುದು ಅಂತಾಯಿತು. ಸೇರುವ ಮೊದಲು ರಾತ್ರಿ ಬಸ್ ಮನೆ ಬಾಗಿಲಿಗೆ ಬರುತ್ತಾ, ಹೈವೇಗೆ ಬಿಡ್ತಾರಾ ಕೇಳಿ. ಪ್ಲಾಂಟ್ ತೋರಿಸುವಾಗ ಶಾಪ್‌ಫ್ಲೋರ್‌ನಿಂದ ಲೇಡೀಸ್ ಟಾಯ್ಲೆಟ್ ಎಷ್ಟು ದೂರ ಅಂತ ನಡೆದು ನೋಡಿ. ನಾನು ಕೆಲಸ ಮಾಡಿದ ಒಂದು ಕಡೆ ಅದು ಅಡ್ಮಿನ್ ಬ್ಲಾಕಿನಲ್ಲಿತ್ತು, ಹೋಗಿ ಬರೋಕೆ ಕಾಲು ಗಂಟೆ, ಅದಕ್ಕೂ ಸೂಪರ್‌ವೈಸರ್ ಮುಖ ಗಂಟು.

ಹುಬ್ಬಳ್ಳಿ_ಮಿರ್ಚಿ
ಅಕ್ಕಾರ, ಖರೇ ಹೇಳಿದ್ರಿ ನೋಡ್ರಿ. ನಮ್ಮ ಗೋಕುಲ ರೋಡಿನ ಕಂಪನ್ಯಾಗೂ ಇದಾ ಕಥಿ. ಸೆಪ್ಟೆಂಬರ್ 15 ಬಂತಂದ್ರ ವಿಶ್ವೇಶ್ವರಯ್ಯನವರ ಫೋಟೋಕ್ಕ ಮಾಲಿ ಹಾಕಿ, ಕೇಕ್ ಕತ್ತರಿಸಿ, "ಇಂಜಿನಿಯರ್ಸ್ ಆರ್ ಅವರ್ ಪ್ರೈಡ್" ಅಂತ ಬ್ಯಾನರ್ ಕಟ್ತಾರ. ಸಂಜಿಕ್ಕ ಓಟಿ ಕೇಳಿದ್ರ "ನೀವು ಸ್ಟಾಫ್ ಅದೀರಿ, ನಿಮಗ ಓಟಿ ಇಲ್ಲ" ಅಂತಾರ. ಆಪರೇಟರ್‌ಗ ಓಟಿ ಡಬಲ್ ಸಿಗತೈತಿ, ಅವನ ಜೋಡಿನ ನಿಂತ ಇಂಜಿನಿಯರ್‌ಗ ಚಾ. ನಮ್ಮಲ್ಲಿ ಪರ್ಮನೆಂಟ್ ಆಪರೇಟರ್ ಪಗಾರ ನನಗಿಂತ ಜಾಸ್ತಿ ಐತಿ, ಯಾಕಂದ್ರ ಅವರಿಗೆ ಯೂನಿಯನ್ ಐತಿ, ಮೂರು ವರ್ಷಕ್ಕೊಮ್ಮಿ ಸೆಟಲ್‌ಮೆಂಟ್ ಆಗತೈತಿ. ನಮಗ ಅಪ್ರೇಸಲ್. ಏಪ್ರಿಲ್‌ದಾಗ ಬರಬೇಕಾದ ಪತ್ರ ಆಗಸ್ಟ್‌ದಾಗ ಬರತೈತಿ.

ಕಾನೂನು_ಕಟ್ಟೆ
ಮಿರ್ಚಿಯವರು ಮುಟ್ಟಿದ್ದೇ ಅಸಲು ವಿಷಯ. ಕಂಪನಿ ಇಂಜಿನಿಯರ್ ಕಾನೂನಿನ ಕಣ್ಣಲ್ಲಿ ಕಾರ್ಮಿಕನೂ ಅಲ್ಲ, ಮಾಲೀಕನೂ ಅಲ್ಲ ಅನ್ನುವ ಸ್ಥಿತಿಯಲ್ಲಿ ಇರುತ್ತಾನೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ತಿಂಗಳಿಗೆ 10,000 ಮೀರಿದ ಮೇಲ್ವಿಚಾರಣೆ ಕೆಲಸದವರನ್ನು "ವರ್ಕ್‌ಮನ್" ವ್ಯಾಖ್ಯೆಯಿಂದ ಹೊರಗಿಟ್ಟಿದ್ದರು. 2025ರ ನವೆಂಬರ್ 21ರಿಂದ ಜಾರಿಗೆ ತಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಮಿತಿ 18,000. ಮ್ಯಾನೇಜ್‌ಮೆಂಟ್ ಕೆಲಸ ಆದರೆ ಸಂಬಳ ಎಷ್ಟಿದ್ದರೂ ಹೊರಗೆ.

ಆದರೆ ಹೆಚ್ಚಿನವರು ಗಮನಿಸದ ಒಂದು ಅಂಶ ಇದೆ. "ತಾಂತ್ರಿಕ" ಕೆಲಸ ಮಾಡುವವರು ವ್ಯಾಖ್ಯೆಯ ಒಳಗೇ ಇದ್ದಾರೆ, ಅವರಿಗೆ ಸಂಬಳದ ಮಿತಿ ಇಲ್ಲ. ಕೋರ್ಟು ನೋಡುವುದು ವಿಸಿಟಿಂಗ್ ಕಾರ್ಡಿನ ಹುದ್ದೆಯನ್ನಲ್ಲ, ದಿನವಿಡೀ ನೀವು ಮಾಡುವ ಕೆಲಸವನ್ನು. ಮಷೀನ್ ರಿಪೇರಿ ಮಾಡುವವನಿಗೆ "ಅಸಿಸ್ಟೆಂಟ್ ಮ್ಯಾನೇಜರ್" ಅಂತ ಹೆಸರು ಕೊಟ್ಟ ಮಾತ್ರಕ್ಕೆ ಅವನು ಮ್ಯಾನೇಜರ್ ಆಗುವುದಿಲ್ಲ. ಐಟಿಯಲ್ಲಿ ಕೆಐಟಿಯು ಯೂನಿಯನ್ 2017ರಿಂದ ಇದೆ, ಮೆಷಿನ್ ಶಾಪ್ ಇಂಜಿನಿಯರ್‌ಗಳು ಮಾತ್ರ ಇನ್ನೂ ಕೈಕಟ್ಟಿ ನಿಂತಿದ್ದಾರೆ.

ನರಸಾಪುರದ ಹೆಸರು ಬಂದದ್ದರಿಂದ: 2020ರ ಡಿಸೆಂಬರ್‌ನಲ್ಲಿ ಅಲ್ಲಿ ಐಫೋನ್ ಮಾಡುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಆದ ಗಲಾಟೆ ನೆನಪಿರಬಹುದು. ಗಾಜು ಒಡೆದದ್ದು ಟಿವಿಯಲ್ಲಿ ಬಂತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿದ್ದು, ಭಾರತದ ಉಸ್ತುವಾರಿಯ ಉಪಾಧ್ಯಕ್ಷರನ್ನು ತೆಗೆದದ್ದು ಅಷ್ಟು ಬರಲಿಲ್ಲ.

ಕೋಡ್_ಕೋಳಿ
ಹಾಗಾದ್ರೆ ಬಾಂಡ್ ಕಾಗದಕ್ಕೂ ಬೆಲೆ ಇಲ್ಲ ಅಲ್ವಾ? ಎಲ್ಲರೂ ಹರಿದು ಬಿಸಾಕು ಅಂತಾರೆ.

ಕಾನೂನು_ಕಟ್ಟೆ
ಹರಿಯಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದ ಬಾಂಡ್, ಎರಡು ಲಕ್ಷದ ಷರತ್ತನ್ನು ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕು, ನೇಮಕಾತಿಗೆ ಅವರಿಗೆ ಖರ್ಚು ಜಾಸ್ತಿ ಎಂಬ ಹಿನ್ನೆಲೆ ಇತ್ತು. ಖಾಸಗಿ ಕಂಪನಿ ಒಂದು ಲಕ್ಷ ಕೇಳಿದರೆ ಟ್ರೇನಿಂಗ್‌ಗೆ ನಿಜವಾಗಿ ಏನು ಖರ್ಚಾಯಿತು ಎಂಬ ಪ್ರಶ್ನೆ ಬರುತ್ತದೆ, ಬಾಯಿಗೆ ಬಂದಷ್ಟು ವಸೂಲಿ ಮಾಡಲಾಗದು. ಆದರೂ ನೋಟಿಸ್ ಬಂದರೆ ಓಡಾಡಬೇಕಾದವನು ನೀನೇ. ಮುಖ್ಯವಾದ ಮಾತು: ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡ. ತೋರಿಸು, ಜೆರಾಕ್ಸ್ ಕೊಡು, ವಾಪಸ್ ತಗೋ.

ಕಂಬದ_ಕೆಳಗೆ
ಸರ್ಕಾರಿ ಕಡೆಯಿಂದ ನಾನೊಬ್ಬ ಮಾತಾಡ್ತೀನಿ. ಎಸ್ಕಾಂನಲ್ಲಿ (ಮನೆ ಮನೆಗೆ ಕರೆಂಟ್ ಕೊಡುವ ಸರ್ಕಾರಿ ಕಂಪನಿ) ಸೆಕ್ಷನ್ ಆಫೀಸರ್. ಹುಡುಗನ ತಂದೆಯವರು ಅಂದುಕೊಂಡಷ್ಟು ನೆರಳಿನ ಕೆಲಸ ಇದಲ್ಲ. ಮಳೆಗಾಲದಲ್ಲಿ ಮರ ಬಿದ್ದರೆ ಫೋನ್, ಬೇಸಿಗೆಯಲ್ಲಿ ಪಂಪ್‌ಸೆಟ್‌ಗೆ ಮೂರು ಫೇಸ್ ಇಲ್ಲ ಅಂತ ಫೋನ್, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಇಡೀ ಊರು ಆಫೀಸಿನ ಮುಂದೆ. ಲೈನ್ ಕ್ಲಿಯರ್ (ಕರೆಂಟ್ ತೆಗೆದು ಕೆಲಸಕ್ಕೆ ಒಪ್ಪಿಗೆ) ಕೊಟ್ಟು ಪವರ್‌ಮ್ಯಾನ್ ಕಂಬ ಹತ್ತಿದ ಮೇಲೆ ಅವನು ಇಳಿಯುವವರೆಗೂ ನನಗೆ ಊಟ ಇಳಿಯಲ್ಲ. ಹೆಚ್ಚುಕಮ್ಮಿ ಆದರೆ ಮೊದಲು ಸಸ್ಪೆಂಡ್ ಆಗೋದು ನಾವೇ.

ಹಾಗಂತ ಬಿಟ್ಟು ಬರ್ತೀನಾ? ಇಲ್ಲ. ತಿಂಗಳ ಕೊನೆಗೆ ಸಂಬಳ ಬಂತಾ ಅಂತ ಯೋಚಿಸಬೇಕಿಲ್ಲ, ನಲವತ್ತೈದಕ್ಕೆ ಯಾರೂ ಮನೆಗೆ ಹೋಗು ಅನ್ನಲ್ಲ. ಬ್ಯಾಂಕಿನವರು ಸಾಲ ಕೊಡೋಕೆ ಕುರ್ಚಿ ಹಾಕ್ತಾರೆ. ಹಳೇ ಪಿಂಚಣಿ ಇಲ್ಲ, 2006ರ ಏಪ್ರಿಲ್ ನಂತರ ಸೇರಿದವರದ್ದು ಎನ್‌ಪಿಎಸ್ (ತಿಂಗಳು ತಿಂಗಳು ಕಟ್ಟಿ ಕೂಡಿಸುವ ಹೊಸ ಪಿಂಚಣಿ). ಆದರೂ ರಾಜ್ಯ ಸರ್ಕಾರಿ ನೌಕರರಿಗೆ ಸರ್ಕಾರ ಕಟ್ಟೋದು ಶೇ. 14, ಅದೂ ಬೇಸಿಕ್ ಡಿಎ ಎರಡರ ಮೇಲೆ. ಪೀಣ್ಯದ ಹಿರಿಯರ 1,250ಕ್ಕೆ ಹೋಲಿಸಿ ನೋಡಿ.

ತೊಂದರೆ ಒಂದೇ, ಕರೆಯೋದು ಯಾವಾಗ? ಕೆಪಿಟಿಸಿಎಲ್ 2022ರಲ್ಲಿ ಎಇ (ಸಹಾಯಕ ಇಂಜಿನಿಯರ್), ಜೆಇ (ಕಿರಿಯ ಇಂಜಿನಿಯರ್), ಕಿರಿಯ ಸಹಾಯಕ ಎಲ್ಲ ಸೇರಿ 1,492 ಹುದ್ದೆ ಕರೆದಿತ್ತು. 2024ರಲ್ಲಿ ಬಂದ 2,975 ಹುದ್ದೆಗಳು ಪವರ್‌ಮ್ಯಾನ್ ಮತ್ತು ಸ್ಟೇಷನ್ ಪರಿಚಾರಕರದ್ದು, ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಇಂಜಿನಿಯರ್‌ಗೆ ಅದರಲ್ಲಿ ಏನಿಲ್ಲ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರ್‌ಗಳ ಸುತ್ತ ಪಿಜಿಗಳಲ್ಲಿ ಮೂವತ್ತು ದಾಟಿದ ಇಂಜಿನಿಯರ್‌ಗಳು ಅಧಿಸೂಚನೆ ಕಾಯ್ತಾ ಕೂತಿದ್ದಾರೆ. ಅವರಲ್ಲಿ ದಡ್ಡರು ಯಾರೂ ಇಲ್ಲ. ಕಾಲ ಕಳೆದಿದೆ, ಕೈಗೆ ಅನುಭವ ಬಂದಿಲ್ಲ, ಈಗ ಕಂಪನಿಗೂ ತಗೊಳ್ಳಲ್ಲ.

ನನ್ನ ಸಲಹೆ: ಸೇರು. ಸೇರಿಕೊಂಡು ಓದು. ಪವರ್ ಸಿಸ್ಟಮ್ಸ್ ಪುಸ್ತಕ ಬ್ಯಾಗಿನಲ್ಲಿರಲಿ.

ಮೂರನೇ_ಪಾಳಿ
ಶಿಫ್ಟ್ ಮಾಡ್ಕೊಂಡು ಓದು ಅನ್ನೋದು ಹೇಳೋಕೆ ಚೆನ್ನ ಸಾರ್. ಸಿ ಶಿಫ್ಟ್ ಮುಗಿಸಿ ಬಂದವನಿಗೆ ಸಿಮೆಟ್ರಿಕಲ್ ಕಾಂಪೊನೆಂಟ್ಸ್ ಓದೋಕೆ ಆಗುತ್ತಾ? ನಮ್ಮ ರೂಮಿನಲ್ಲಿ ಮೂವರು ಪುಸ್ತಕ ತಂದಿದ್ದರು, ಒಬ್ಬ ಮಾತ್ರ ಮುಗಿಸಿದ. ಆದರೆ ಅವನು ಈಗ ಬಿಇಎಲ್‌ನಲ್ಲಿದ್ದಾನೆ, ಅದನ್ನೂ ಹೇಳಬೇಕು.

ಸ್ಟುಟ್‌ಗಾರ್ಟ್_ಶಿವಮೊಗ್ಗ
ನಾನೂ ಒಂದು ಆಟೋ ಪಾರ್ಟ್ಸ್ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್, ಬೆಂಗಳೂರಿನಿಂದ ಜರ್ಮನಿಗೆ ಬಂದವನು. ಇಲ್ಲಿ ಐಜಿ ಮೆಟಾಲ್ ಯೂನಿಯನ್ ಒಪ್ಪಂದ ಇರುವ ಕಾರ್ಖಾನೆಗಳಲ್ಲಿ ವಾರಕ್ಕೆ 35 ಗಂಟೆ. ಇಂಜಿನಿಯರ್‌ಗಳೂ ಆ ಒಪ್ಪಂದದ ಒಳಗೇ ಬರ್ತಾರೆ, ಸಂಬಳದ ಶ್ರೇಣಿ ಎಲ್ಲರಿಗೂ ಗೊತ್ತಿರುತ್ತೆ. ಬೆಂಗಳೂರಿನಲ್ಲಿ ಪಕ್ಕದ ಕುರ್ಚಿಯವನ ಸಂಬಳ ಗೊತ್ತಾಗಬಾರದು ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಂಡಿದ್ದರು. ಹಾಗಂತ ಇಲ್ಲಿ ಸ್ವರ್ಗ ಅಂತ ತಿಳಿಯಬೇಡಿ, ಎಲೆಕ್ಟ್ರಿಕ್ ಕಾರಿನ ಹೊಡೆತಕ್ಕೆ ಈ ಊರಿನಲ್ಲೂ ಸಾವಿರಗಟ್ಟಲೆ ಹುದ್ದೆ ಕಡಿತ ನಡೀತಿದೆ.

ಅದಕ್ಕೇ ಕೇಳ್ತೀನಿ ತಮ್ಮಾ, ಆ ಕಂಪನಿ ಯಾವ ಪಾರ್ಟ್ ಮಾಡುತ್ತೆ? ಇಂಜಿನ್ ವಾಲ್ವ್, ಪಿಸ್ಟನ್ ಆದರೆ ಒಂದು ಲೆಕ್ಕ, ಎಲೆಕ್ಟ್ರಿಕ್ ಗಾಡಿಗೆ ಅವು ಬೇಡ. ಬ್ರೇಕ್, ಸ್ಟೀರಿಂಗ್, ವೈರಿಂಗ್ ಹಾರ್ನೆಸ್ ಆದರೆ ಬೇರೆ ಲೆಕ್ಕ. ಯಾವ ಗಾಡಿಗಾದರೂ ಬ್ರೇಕ್ ಬೇಕೇ ಬೇಕು.

ಬೆಣ್ಣೆದೋಸೆ_ಹುಡುಗ
ಬ್ರೇಕ್ ಸಾರ್! ಡಿಸ್ಕ್ ಬ್ರೇಕ್ ಕ್ಯಾಲಿಪರ್.

ಇವತ್ತು ಎಚ್‌ಆರ್‌ಗೆ ಫೋನ್ ಮಾಡಿದೆ. ಡಿಪಾರ್ಟ್‌ಮೆಂಟ್ ಕೇಳಿದ್ದಕ್ಕೆ "ಆರು ತಿಂಗಳು ಟ್ರೇನಿಂಗ್, ಆಮೇಲೆ ಬಿಸಿನೆಸ್ ನೀಡ್ ನೋಡಿ ಅಲಾಟ್ ಮಾಡ್ತೀವಿ" ಅಂದರು. ಶಿಫ್ಟ್ ಅಲೋಯನ್ಸ್ ಬಿ ಶಿಫ್ಟ್‌ಗೆ ಇಲ್ಲ, ಸಿ ಶಿಫ್ಟ್‌ಗೆ ರಾತ್ರಿಗೆ 100 ರೂಪಾಯಿ.

ಹುಬ್ಬಳ್ಳಿ_ಮಿರ್ಚಿ
"ಬಿಸಿನೆಸ್ ನೀಡ್" ಅಂದ್ರ ಪ್ರೊಡಕ್ಷನ್, ಬರೆದಿಟ್ಕೊ.

ಕೋಡ್_ಕೋಳಿ
ನೂರು ರೂಪಾಯಿಗೆ ನಿದ್ದೆ ಮಾರ್ಕೊಳ್ಳೋ ಬದಲು ಮೂರು ತಿಂಗಳು ಪೈಥಾನ್ ಕಲಿ. ಹಳ್ಳಿ ಹುಡುಗರಿಗೆ ಬುದ್ಧಿ ಹೇಳಿದ್ರೂ ಅರ್ಥ ಆಗಲ್ಲ.

ಕಟ್ಟೆ_ನಿರ್ವಾಹಕ
ಕೋಡ್_ಕೋಳಿ, ಹಳ್ಳಿ ಪಟ್ಟಣ ಅಂತ ಶುರು ಮಾಡಿದರೆ ಮುಂದಿನ ಸಲ ಪೋಸ್ಟ್ ಉಳಿಯುವುದಿಲ್ಲ. ವಿಷಯದ ಮೇಲೆ ಮಾತಾಡಿ.

ವರ್ನಿಯರ್_ಅಕ್ಕ
ಆ ಉತ್ತರಕ್ಕೇ ಬಿಟ್ಟುಬಿಡಬೇಡಪ್ಪ. ಇಂಟರ್‌ವ್ಯೂ ಮಾಡಿದವರು ಯಾರು? ಟೆಕ್ನಿಕಲ್ ರೌಂಡಿನಲ್ಲಿ ಮೇಂಟೆನೆನ್ಸ್ ಹೆಡ್ ಇದ್ದರೆ ಅವರಿಗೇ ಒಂದು ಮೇಲ್ ಹಾಕು: ನಾನು ಇ ಅಂಡ್ ಇ, ನಿಮ್ಮ ವಿಭಾಗದಲ್ಲಿ ಆಸಕ್ತಿ ಇದೆ, ಟ್ರೇನಿಂಗ್ ನಂತರ ಪರಿಗಣಿಸಿ ಅಂತ. ಎಚ್‌ಆರ್‌ಗೆ ಬೇಕಾದದ್ದು ತಲೆ ಲೆಕ್ಕ, ಆ ಹೆಡ್‌ಗೆ ಬೇಕಾದದ್ದು ವೈರಿಂಗ್ ಡ್ರಾಯಿಂಗ್ ಓದೋಕೆ ಬರುವ ಹುಡುಗ. ನಮ್ಮಲ್ಲಿ ಇಬ್ಬರು ಹೀಗೇ ಟೂಲ್‌ರೂಮಿಗೆ ಹೋದರು.

ಪೀಣ್ಯ_ಹಳಬ
ಒಳ್ಳೆಯ ಸಲಹೆ. ಇನ್ನೊಂದು: ಟ್ರೇನಿಂಗ್ ಆರು ತಿಂಗಳಲ್ಲಿ ಎಲ್ಲ ವಿಭಾಗಕ್ಕೂ ಕಳಿಸುತ್ತಾರೆ. ಮೇಂಟೆನೆನ್ಸ್ ಸರದಿ ಬಂದಾಗ ಬ್ರೇಕ್‌ಡೌನ್ ಆದ ಕಡೆ ಹೋಗಿ ನಿಲ್ಲು, ಕರೆಯುವವರೆಗೆ ಕಾಯಬೇಡ. ಟಾರ್ಚ್ ಹಿಡಿಯುವವನಾಗಿಯಾದರೂ ನಿಲ್ಲು. ಟೆಕ್ನೀಷಿಯನ್‌ಗಳಿಗೆ "ಅಣ್ಣಾ" ಅನ್ನು. ಡಿಗ್ರಿ ಇದೆ ಅಂತ ಬೀಗಿದವರಿಗೆ ಅವರು ಸ್ಪ್ಯಾನರ್ ಸಹ ಕೊಡುವುದಿಲ್ಲ.

ಬೆಣ್ಣೆದೋಸೆ_ಹುಡುಗ
ಟೆಕ್ನಿಕಲ್ ರೌಂಡಿನಲ್ಲಿ ಮೇಂಟೆನೆನ್ಸ್‌ನವರೇ ಇದ್ದರು, ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬರೆಸಿದ್ದರು. ಮೇಲ್ ಹಾಕಿದೆ, ಇನ್ನೂ ಉತ್ತರ ಇಲ್ಲ. ಅಪ್ಪನಿಗೆ ಪಿಎಫ್ ಲೆಕ್ಕ, ಎಚ್‌ಎಂಟಿ ಕಥೆ, ಕಂಬದ_ಕೆಳಗೆ ಸಾರ್ ಬರೆದದ್ದು ಎಲ್ಲ ಓದಿ ಹೇಳಿದೆ. "ಸರ್ಕಾರಿ ಆಫೀಸರೇ ಸೇರು ಅಂತಿದ್ದಾರಾ" ಅಂತ ಎರಡು ಸಲ ಕೇಳಿದರು. ಪೂರ್ತಿ ಒಪ್ಪಿಲ್ಲ, ಬೈಯೋದು ನಿಲ್ಲಿಸಿದ್ದಾರೆ. ಬಾಂಡ್ ಕಾಗದ ಎಚ್‌ಆರ್‌ನಿಂದ ತರಿಸಿಕೊಂಡು ಕಾನೂನು_ಕಟ್ಟೆಯವರಿಗೆ ಮೆಸೇಜ್ ಮಾಡ್ತೀನಿ.

ಇನ್ನೊಂದು ವಿಷಯ. ರೂಮು ವೇಮಗಲ್‌ನಲ್ಲೇ ಮಾಡಲಾ, ಕೋಲಾರದಲ್ಲಾ?

ಮೂರನೇ_ಪಾಳಿ
ಕೋಲಾರ ಮಾಡು. ವೇಮಗಲ್‌ನಲ್ಲಿ ಪಿಜಿ ಸಿಗುತ್ತೆ, ಆದರೆ ಬಿ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೋದರೆ ಊಟಕ್ಕೆ ಏನೂ ಇರಲ್ಲ. ಕಂಪನಿ ಬಸ್ಸು ಕೋಲಾರದಲ್ಲಿ ಎಲ್ಲಿ ನಿಲ್ಲುತ್ತೆ ಅಂತ ಮೊದಲು ಕೇಳ್ಕೊ, ಅದರ ಹತ್ತಿರವೇ ನೋಡು. ಸಿ ಶಿಫ್ಟ್ ಇರುತ್ತೆ ಅಂತ ಓನರ್‌ಗೆ ಮುಂಚೇನೇ ಹೇಳಿಬಿಡು, ಮೇಲಿನ ಮಹಡಿಯ ಶೀಟ್ ರೂಮು ಬೇಡ. ಹಗಲು ಮಲಗೋಕೆ ಆಗಲ್ಲ.